ಲುಂಬಿನಿಯನ್ನು ಯಾರೂ ಕೇಳಲಿಲ್ಲ

ಮಳಖೇಡದ ಬಸ್ ಸ್ಟ್ಯಾಂಡಿನಲ್ಲಿ, ಹಾಡಹಗಲೇ, ಲುಂಬಿನಿಯ ಎದೆಯ ಮೇಲೆ ಗುರುತಿಲ್ಲದ ಗಂಡಸಿನ ಎರಡೂ ಕೈ!

ನೋಡಿದವರಿಗೆ ಕಂಡದ್ದು ಅಷ್ಟೇ. ತೆಂಗಳಿ ಶಾಲೆಯ ಟೀಚರಾದ ಆಕೆ ಬಸ್ಸಿಗೆ ಕಾಯುತ್ತಾ ಕುಸಿದದ್ದು, ಉಸಿರು ನಿಂತದ್ದು ಯಾರ ತಲೆಗೂ ಹೋಗಲಿಲ್ಲ. ಮೂರ್ಛೆ ರೋಗ ಅಂದುಕೊಂಡು ಒಬ್ಬ ಮೂಗಿಗೆ ಉಳ್ಳಾಗಡ್ಡಿ ಹಿಡಿದ, ಇನ್ನೊಬ್ಬ ಕೈಗೆ ಕಬ್ಬಿಣದ ಕೀಲಿಕೈ ಕೊಟ್ಟ. ಅವರನ್ನೆಲ್ಲ ಸರಿಸಿ ಕಪಿಲ ಮೊಣಕಾಲೂರಿ ಎದೆ ಒತ್ತತೊಡಗಿದ. ಆತ ಸಿಮೆಂಟ್ ಫ್ಯಾಕ್ಟರಿಯ ಸೇಫ್ಟಿ ವಿಭಾಗದವನು, ಅಲ್ಲಿ ಇದನ್ನು ಕಲಿಸಿದ್ದರು.

"ಏ, ಹೆಣ್ಮಗಳ ಮೈ ಮುಟ್ತಿಯೇನಲೇ?"

ಬೆನ್ನ ಮೇಲೆ ಗುದ್ದುಗಳು ಬಿದ್ದವು. ಪುಣ್ಯಾತ್ಮ ಕೈ ತೆಗೆಯಲಿಲ್ಲ. ಹೊಡೆತ ತಿನ್ನುತ್ತಲೇ, ಆಂಬುಲೆನ್ಸ್ ಬರುವವರೆಗೂ ಒತ್ತಿದ.

ಲುಂಬಿನಿ ಬದುಕಿದಳು. ಕಲಬುರಗಿಯಲ್ಲಿ ಎದೆಯೊಳಗೆ ಸಣ್ಣ ಯಂತ್ರ ಕೂಡಿಸಿದರು, ಬಡಿತ ತಪ್ಪಿದರೆ ಅದೇ ಝಟಕಾ ಕೊಡುತ್ತದಂತೆ. ಕಪಿಲ ಒಂದು ಸಲ ನೋಡಲು ಬಂದು, ಬಾಗಿಲಲ್ಲೇ ನಿಂತ.

"ಪಕ್ಕೆಲುಬು ಭಾಳ ನೋಯ್ಲಿಕತ್ತಾವೇನ್ರಿ? ಮಾಫ್ ಮಾಡ್ರಿ."

ಜೀವ ಉಳಿಸಿದವನೇ ಮಾಫಿ ಕೇಳುತ್ತಿದ್ದಾನೆ... ಆಕೆಯ ಮನಸ್ಸು ಜಾರಲಿಕ್ಕೆ ಅಷ್ಟು ಸಾಕಾಯಿತು.

ಆದರೆ ಊರ ಬಾಯಿ ಮುಚ್ಚುವುದುಂಟೆ? ಮುಟ್ಟಿದವನೇ ಕಟ್ಟಿಕೊಳ್ಳಲಿ ಎಂದು ಹಿರಿಯರು ತೀರ್ಮಾನ ಮಾಡಿಬಿಟ್ಟರು. ಸೋದರಮಾವ ಸೂರ್ಯಕಾಂತ ಆ ಹಿರಿಯರನ್ನು ಕರಕೊಂಡು ಸೇಡಂಗೆ, ಕಪಿಲನ ಮನೆಗೆ ಹೋದ. ಲುಂಬಿನಿ ಒಳಗೊಳಗೇ ಹಿಗ್ಗಿದ್ದಳು. ಸಂಜೆ ಮಾವ ಮುಖ ಗಂಟಿಕ್ಕಿಕೊಂಡು ಬಂದ.

"ಒಲ್ಲೆ ಅಂದಾನ."

ಹೌದಲ್ಲ, ಯಂತ್ರ ಇಟ್ಟುಕೊಂಡ ಹುಡುಗಿ ಯಾರಿಗೆ ಬೇಕು?

ಮನಸಾರೆ ಅತ್ತಳು. ಆಮೇಲೆ ಎದ್ದು ಮುಖ ತೊಳೆದಳು. ಮುಟ್ಟಲು ಅಂಜಿ ಜನ ಇನ್ನೊಬ್ಬ ಹೆಣ್ಣುಮಗಳನ್ನು ಸಾಯಬಿಡಬಾರದು, ಅದೇ ಆಕೆಯ ಹಟ. ಎದೆ ಒತ್ತುವುದನ್ನು ಡಾಕ್ಟರರಿಂದ ಕಲಿತು, ಆದಿತ್ಯವಾರಕ್ಕೊಂದು ಊರು ಹಿಡಿದಳು. ಹತ್ತಿ ತುಂಬಿದ ಗೊಂಬೆಗೆ ಸೀರೆ ಉಡಿಸಿ, "ಬರ್ರಿ, ಕುಂದ್ರಿ, ಒತ್ತಿ ನೋಡ್ರಿ" ಅಂತ ಕಲಿಸಿದಳು.

ಆಡಕಿ ಎಂಬ ಊರಿನಲ್ಲಿ ಗಂಡಸರ್ಯಾರೂ ಮುಂದೆ ಬರಲಿಲ್ಲ. ಸೀರೆ ಉಟ್ಟ ಗೊಂಬೆ ಮುಟ್ಟಲಿಕ್ಕೂ ನಾಚಿಕೆ! ಆಗ ಹಿಂದಿನಿಂದ ಒಬ್ಬ ಎದ್ದು ಬಂದು ಮೊಣಕಾಲೂರಿದ. ಕಪಿಲ.

ಲುಂಬಿನಿಗೆ ಸಿಟ್ಟು ಬಂತು, ಅಳುವೂ ಬಂತು. ಜನ ಕರಗಿದ ಮೇಲೆ ನೇರ ಕೇಳಿದಳು.

"ನನ್ನ ಎದಿ ಸರಿ ಇಲ್ಲಂತ ಒಲ್ಲೆ ಅಂದ್ರಿ, ಹೌದಿಲ್ಲೋ?"

"ಎದಿ ಮಾತೇ ಬರಲಿಲ್ರಿ. ನಿಮ್ಮ ಮಾವಾರು ದಂಡ ಹಾಕ್ದಂಗ ಹೇಳಿದ್ರು, ಮುಟ್ಟೀದಿ, ಕಟ್ಟಿಕೋ ಅಂತ. ಲುಂಬಿನಿ ಅವ್ರಿಗಿ ಕೇಳೀರೇನು ಅಂದೆ. ಆಕಿಗೇನು ಕೇಳೋದು ಅಂದ್ರು. ಅಂಥ ಲಗ್ನ ಹ್ಯಾಂಗ ಮಾಡ್ಕೊಳ್ಳಲಿ?"

ಇಷ್ಟು ದಿನ ಈತನನ್ನು ಮನಸ್ಸಿನಲ್ಲೇ ಬೈದದ್ದೆಲ್ಲ ನೆನೆದು ಲುಂಬಿನಿ ತಲೆ ತಗ್ಗಿಸಿದಳು.

"ನೀವಾದ್ರೂ ಬಂದು ಕೇಳಬೇಕಿತ್ತು..."

"ಜೀವ ಉಳಿಸ್ದವ ಕೇಳಿದ್ರ ಒಲ್ಲೆ ಅನ್ಲಿಕ್ಕ ನಿಮಗ ಬಾಯಿ ಬರ್ತಿತ್ತೇನ್ರಿ? ಈಗ ಊರೂರಿಗಿ ಜೀವ ಉಳ್ಸೋದು ನೀವೇ ಕಲಸ್ಲಿಕತ್ತೀರಿ. ನನ್ನ ಹಂಗು ತೀರ್ತು. ಅದಕ್ಕ ಇವತ್ತು ಕೇಳ್ತೀನಿ... ನನ್ನ ಲಗ್ನ ಮಾಡ್ಕೋತೀರೇನು?"

"ವಿಚಾರ ಮಾಡಿ ಹೇಳ್ತೀನಿ."

"ಮಾಡ್ರಿ. ಅವಸರ ಏನಿಲ್ಲ."

ಗೊಂಬೆಯನ್ನು ಆಚೆ ಈಚೆ ಹಿಡಿದುಕೊಂಡು ಇಬ್ಬರೂ ರಸ್ತೆ ಕಡೆ ನಡೆದರು. ಬೇವಿನ ಗಿಡದ ತನಕ ಬಂದು ಲುಂಬಿನಿ ನಿಂತಳು.

"ವಿಚಾರ ಮಾಡಿದೆ. ಹ್ಞೂಂ."

"ಇಷ್ಟು ಜಲ್ದಿ?"

"ಜಲ್ದಿ ಎಲ್ಲಿ ಅದರಿ? ದವಾಖಾನಿ ಹಾಸಿಗಿ ಮ್ಯಾಲಿದ್ದಾಗಿಂದ ಅದೇ ವಿಚಾರ ಮಾಡ್ಲಿಕತ್ತೀನಿ."