ಸೋಮವಾರ ಸಾಯುವ ಬ್ಯಾಟರಿ

ಕರೆಂಟು ಹೋದರೆ ಅರಕೆರೆಯ ಹಿಟ್ಟಿನ ಮಿಲ್ಲಿನಲ್ಲಿ ಎರಡೇ ಕೆಲಸ ಉಳಿಯುತ್ತಿದ್ದವು. ಮಾಲೀಕ ಮಹದೇವಸ್ವಾಮಿ ಮೈಮೇಲಿನ ರಾಗಿಹಿಟ್ಟು ಕೊಡವಿಕೊಳ್ಳುವುದು ಒಂದು. ಅವನ ಗೆಳೆಯ ದೇವಯ್ಯ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಹೋಗಿಬರುವವರನ್ನು ನೋಡುವುದು ಇನ್ನೊಂದು. ದೇವಯ್ಯ ಮೂವತ್ತು ವರ್ಷ ಮೀಟರ್ ರೀಡರಾಗಿ ಸುತ್ತಲ ಹಳ್ಳಿಗಳನ್ನು ಸೈಕಲ್ಲಿನಲ್ಲಿ ಅಳೆದವರು. ಅಷ್ಟು ವರ್ಷ ಮನೆಮನೆಯ ಮೀಟರು ಓದಿದವರು ಆ ಮನೆಯ ಜನರನ್ನೂ ಓದದೆ ಇರಲಾರರು. ನಿವೃತ್ತರಾದ ಮೇಲೆ ಮೀಟರು ಬಿಟ್ಟು ಜನರನ್ನಷ್ಟೇ ಓದುತ್ತಿದ್ದರು. ಊರಿನಲ್ಲಿ ಪಂಪ್‌ಸೆಟ್ಟು ಕಾಣೆಯಾದರೆ, ಕೋಳಿ ಕಾಣೆಯಾದರೆ, ಒಮ್ಮೊಮ್ಮೆ ಅಳಿಯ ಕಾಣೆಯಾದರೂ, ಜನ ಮೊದಲು ಬರುತ್ತಿದ್ದುದು ಮಿಲ್ಲಿನ ಬೆಂಚಿಗೆ.

ತೊಂಬತ್ತನಾಲ್ಕನೇ ಇಸವಿಯ ಮಾರ್ಗಶಿರದ ಒಂದು ಬುಧವಾರ ಹಾಗೆ ಬಂದವನು ಶಿವಣ್ಣ. ಊರಿನ ದೊಡ್ಡ ಕುಳ ಹೊನ್ನಪ್ಪಗೌಡರ ಅಂಬಾಸಿಡರ್ ಕಾರಿಗೆ ಹನ್ನೊಂದು ವರ್ಷದಿಂದ ಡ್ರೈವರು. ಎಂದೂ ಇಸ್ತ್ರಿ ತಪ್ಪದ ಅವನ ಅಂಗಿ ಅಂದು ಸುಕ್ಕಾಗಿತ್ತು. ಅದನ್ನು ಮಹದೇವಸ್ವಾಮಿಯೂ ಗಮನಿಸಿದ, ಗಮನಿಸಿದ್ದಕ್ಕೆ ತನ್ನನ್ನು ತಾನೇ ಮೆಚ್ಚಿಕೊಂಡ.

ಶಿವಣ್ಣ ಹೇಳಿದ್ದು ಇಷ್ಟು. ಮೂರು ವಾರದಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಗೌಡರ ಕಾರು ಸ್ಟಾರ್ಟ್ ಆಗುತ್ತಿಲ್ಲ. ಬ್ಯಾಟರಿ ಪೂರ್ತಿ ಇಳಿದಿರುತ್ತದೆ; ಹಾರನ್ನು ಒತ್ತಿದರೆ ನೆಗಡಿಯಾದ ಕಪ್ಪೆಯಷ್ಟೂ ಸದ್ದಿಲ್ಲ. ಶ್ರೀರಂಗಪಟ್ಟಣದಿಂದ ಎಲೆಕ್ಟ್ರಿಷಿಯನ್ ಸಂತೋಷ್ ಬಂದು ಚಾರ್ಜ್ ಮಾಡಿಕೊಡುತ್ತಾನೆ. ಆಮೇಲೆ ವಾರವಿಡೀ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ಸುತ್ತಿದರೂ ತೊಂದರೆಯಿಲ್ಲ. ಮತ್ತೆ ಮಂಗಳವಾರಕ್ಕೆ ಹೆಣ. ಎರಡನೇ ಸಲಕ್ಕೆ ಗೌಡರು ಹೊಸ ಬ್ಯಾಟರಿಯನ್ನೇ ಹಾಕಿಸಿದ್ದರು. ಅದೂ ಸತ್ತಿತು.

ಸೋಮವಾರ ಕಾರು ಹೊರಡುವುದಿಲ್ಲವೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಗೌಡರ ತಾಯಿ ಪುಟ್ಟಗೌರಮ್ಮ ಈ ರಜೆಯನ್ನು ಎತ್ತಿನಿಂದ ಟ್ರಾಕ್ಟರಿಗೂ, ಟ್ರಾಕ್ಟರಿನಿಂದ ಕಾರಿಗೂ ವಿಸ್ತರಿಸಿದ್ದರು. ಕಾರಿಗೆ ರಜೆಯಾದರೆ ಡ್ರೈವರಿಗೂ ರಜೆ.

"ಯಾರೋ ಕರೆಂಟು ಎಳೀತಾವ್ರೆ ಅಂದ ಸಂತೋಷ. ಸೋಮವಾರ ರಜ ಯಾರಿಗೆ? ನಂಗೆ. ಶೆಡ್ಡಿನ ಪಕ್ಕ ಮನೆ ಯಾರ್ದು? ನಂದು. ಅದ್ರ ಮೇಲೆ ಮೈಸೂರಿಂದ ಹಳೇದೊಂದು ಬ್ಯಾಟರಿ ಟಿವಿ ತಂದು ಮಡಗಿವ್ನಿ. ಟಿವಿ ಐತೆ, ಅದ್ಕೆ ಬ್ಯಾಟರಿ ಇನ್ನೂ ತಂದಿಲ್ಲ. ಗೌಡ್ರು ಬಂದು ಅದ್ರ ವೈರು ನೋಡುದ್ರು, ತೀರ್ಮಾನ ಮಾಡ್ಬುಟ್ರು."

ತೀರ್ಮಾನವನ್ನು ಗೌಡರು ಮನೆಯೊಳಗೆ ಹೇಳಿದ್ದರೆ ಶಿವಣ್ಣ ನುಂಗಿಕೊಳ್ಳುತ್ತಿದ್ದನೇನೋ. ಅವರು ಹೇಳಿದ್ದು ಹಿಂದಿನ ದಿನ ಬೆಳಿಗ್ಗೆ ಹಾಲಿನ ಡೇರಿಯ ಮುಂದೆ, ಅರ್ಧ ಊರು ಹಾಲಿನ ಕ್ಯಾನು ಹಿಡಿದು ಸಾಲು ನಿಂತಿದ್ದಾಗ. ಉಪ್ಪುಂಡ ಮನೆಗೆ ಕನ್ನ ಹಾಕುವವನಿಗೆ ಕೀ ಯಾಕೆ ಎಂದು ಕೈನೀಡಿ ಕಾರಿನ ಕೀ ಇಸಿದುಕೊಂಡಿದ್ದರು.

"ಕೆಲಸ ಹೋದ್ರೆ ಇನ್ನೊಂದು ನೋಡ್ಕಬೋದು ದೇವಯ್ಯೋರೆ," ಎಂದ ಶಿವಣ್ಣ. "ಡ್ರೈವರು ಕಳ್ಳ ಅಂದ್ಮೇಲೆ ಅವನ ಕೈಗೆ ಇನ್ಯಾರು ಕೀ ಕೊಡ್ತಾರೆ?"

ದೇವಯ್ಯ ಒಂದೇ ಪ್ರಶ್ನೆ ಕೇಳಿದರು. ಇದೆಲ್ಲ ಶುರುವಾಗುವ ಮುನ್ನ ಕಾರಿನ ವೈರಿನ ಕೆಲಸ ಏನಾದರೂ ನಡೆದಿತ್ತೇ? ಕಾರ್ತಿಕದಲ್ಲಿ ಏನೋ ಸಣ್ಣಪುಟ್ಟದ್ದು ಮಾಡಿಸಿದರು, ಆಮೇಲೆ ಒಂದು ಬಲ್ಬು ಬದಲಾಯಿಸಿದರು, ಎರಡೂ ಸಲ ಗೌಡರೇ ಸಂತೋಷನನ್ನು ಮನೆಗೆ ಕರೆಸಿದ್ದರು, ತಾನು ಎದುರಿಗಿರಲಿಲ್ಲ ಎಂದ ಶಿವಣ್ಣ.

ಭಾನುವಾರ ಸಂಜೆ ದೇವಯ್ಯ ಮತ್ತು ಮಹದೇವಸ್ವಾಮಿ ಗೌಡರ ಮನೆಗೆ ಹೋದರು. ಶಿವಣ್ಣನಿಲ್ಲದೆ ಆ ವಾರವೆಲ್ಲ ಗೌಡರೇ ಓಡಿಸಿಕೊಂಡಿದ್ದ ಕಾರು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿತ್ತು. ಶೆಡ್ಡನ್ನು ಎತ್ತಿನ ಗಾಡಿಗೆಂದು ಕಟ್ಟಿಸಿದ್ದರಿಂದ ಕಾರಿನ ಮುಂದಿನರ್ಧ ಆಕಾಶದ ಕೆಳಗೇ ಇತ್ತು. ದೇವಯ್ಯ ಬಂದ ಕಾರಣ ಕೇಳಿ ಗೌಡರಿಗೆ ಖುಷಿಯೇ ಆಯಿತು. ತಾವು ಹೇಳಿದ್ದಕ್ಕೆ ಸಾಕ್ಷಿ ಸಿಗುತ್ತದೆಂದು.

ದೇವಯ್ಯ ಚೀಲದಿಂದ ತೆಗೆದದ್ದು ಮೀಟರುಗಳಿಗೆ ಮೊಹರು ಹಾಕುವ ಇಕ್ಕಳ. ನಿವೃತ್ತಿಯ ದಿನ ಹಾರದ ಜೊತೆ ಅದನ್ನೂ ಕೇಳಿ ಪಡೆದಿದ್ದರು. ಬಾನೆಟ್ಟಿನ ಹಿಡಿಯಿಂದ ಮುಂದಿನ ಜಾಲರಿಗೆ ತಂತಿ ಎಳೆದು ಹೊಸೆದು, ತುದಿಗೆ ಸೀಸದ ಬಿಲ್ಲೆ ಸಿಕ್ಕಿಸಿ, ಇಕ್ಕಳದಿಂದ ಒತ್ತಿದರು. ತಂತಿ ಕತ್ತರಿಸದೆ ಇನ್ನು ಯಾರೂ ಬ್ಯಾಟರಿಯನ್ನು ಮುಟ್ಟುವಂತಿರಲಿಲ್ಲ.

ಬಾಗಿಲು ಹಾಕುವ ಮುನ್ನ ಪುಟ್ಟಗೌರಮ್ಮ ಬಂದರು. ಒಳಗೆ ಸ್ಟಿಯರಿಂಗಿನ ಆಚೆ, ಗಾಜಿಗೆ ಆತುಕೊಂಡಂತೆ ಮನೆದೇವರು ಭೈರವೇಶ್ವರನ ಪಟ. ಅದರ ಮುಂದೆ ಕೆಂಪು ಮುಚ್ಚಳದ ದೀಪ. ಅಜ್ಜಿ ಪಟಕ್ಕೆ ಕನಕಾಂಬರ ಸಿಕ್ಕಿಸಿ ಕಣ್ಣಿಗೊತ್ತಿಕೊಂಡರು. ಆಮೇಲೆ ಬಾಗಿಲುಗಳಿಗೆ ಬೀಗ ಹಾಕಿ, ಸಂದಿಗೆ ಮೈದಾ ಅಂಟಿನಿಂದ ಕಾಗದ ಅಂಟಿಸಿ, ಗಂಡಸರು ಮೂವರೂ ರುಜು ಹಾಕಿದರು. ಕೀ ಅಜ್ಜಿಯ ಸೊಂಟದ ಸಂಚಿ ಸೇರಿತು. ಅಲ್ಲಿಂದ ಕದಿಯುವ ಗಂಡಸು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ.

"ಸೀಲು ಒಡೆದಿದ್ರೆ ಅವ್ನೇ ಅಂತ ಒಪ್ಕತೀರಾ?" ಎಂದರು ಗೌಡರು.

"ಒಡೀದೆ ಬ್ಯಾಟರಿ ಸತ್ರೆ ಅವ್ನಲ್ಲ ಅಂತ ನೀವು ಒಪ್ಕತೀರಾ?" ಎಂದರು ದೇವಯ್ಯ.

ಸೋಮವಾರ ಮುಂಜಾನೆ ಇಬ್ಬರೂ ಮತ್ತೆ ಹೋದರು. ನಾಲೆಯ ಕಡೆಯಿಂದ ಮಂಜು ಎದ್ದಿತ್ತು. ಕಬ್ಬಿನ ಗದ್ದೆ ಕಾಣುತ್ತಿರಲಿಲ್ಲ. ಮಹದೇವಸ್ವಾಮಿ ಶೆಡ್ಡಿನ ಮುಂದೆ ಚಪ್ಪಲಿ ಕಳಚಿ, ಗಾಜಿನೊಳಗಿನ ದೇವರಿಗೆ ಕೈಮುಗಿದು, ಪತ್ತೇದಾರಿ ಶುರುಮಾಡಿದ. ಸೀಲು ಭದ್ರ. ಕಾಗದ ಭದ್ರ. ಆದರೆ ಅವನ ಕಣ್ಣಿಗೆ ಬಿದ್ದದ್ದು ಬೇರೆ. ಮುಂದಿನ ಗಾಜೆಲ್ಲ ಇಬ್ಬನಿಯಿಂದ ಮುಚ್ಚಿತ್ತು, ಒಂದು ಕಡೆ ಮಾತ್ರ ಊಟದ ತಟ್ಟೆಯಷ್ಟಗಲ ಒಣಗಿ ಸ್ವಚ್ಛವಾಗಿತ್ತು.

"ಯಾರೋ ಒರೆಸಿ ಒಳಗೆ ಇಣುಕವ್ರೆ," ಎಂದು ಅವನು ಪಿಸುಗುಟ್ಟಿದ. "ಕಳ್ಳ ಬಂದಿದ್ದ, ಸೀಲು ನೋಡಿ ಹೆದರ್ಕೊಂಡು ವಾಪಸ್ ಹೋಗವ್ನೆ."

"ಇಣುಕೋನು ಗೀಟು ಇಲ್ದಂಗೆ ಒರೆಸ್ತಾನೇನಯ್ಯಾ?" ಎಂದರು ದೇವಯ್ಯ. ಅಂಗೈಯನ್ನು ಆ ಜಾಗದ ಮೇಲಿಟ್ಟು ಸ್ವಲ್ಪ ಹೊತ್ತು ನಿಂತರು.

ಮಂಗಳವಾರ ಮುಂಜಾನೆಯೂ ಅಷ್ಟೇ ಮಂಜು. ಸೀಲು ಹಾಗೇ ಇತ್ತು, ಕಾಗದದ ಮೇಲಿನ ರುಜುಗಳೂ ಹಾಗೇ ಇದ್ದವು. ಗಾಜು ಮಾತ್ರ ಬದಲಾಗಿತ್ತು. ಈ ಸಲ ಅಂಚಿನಿಂದ ಅಂಚಿಗೆ ಒಂದೇ ಸಮ ಇಬ್ಬನಿ. ಮಹದೇವಸ್ವಾಮಿ ನೇರವಾಗಿ ಬಾನೆಟ್ಟಿಗೆ ಹೋಗಿ ಬಗ್ಗಿದ್ದ.

"ನಿನ್ನೆ ದೇವ್ರಿಗೆ ಕೈ ಮುಗುದೆ. ಇವತ್ತು ಯಾಕಯ್ಯ ಮುಗೀಲಿಲ್ಲ?" ಎಂದರು ದೇವಯ್ಯ.

ಮಹದೇವಸ್ವಾಮಿಗೆ ನಾಚಿಕೆಯಾಯಿತು. ಮರೆತೆ ಎಂದು ಎರಡು ಕೆನ್ನೆಗೂ ತಟ್ಟಿಕೊಂಡ.

"ಮರೀನಿಲ್ಲ ನೀನು," ಎಂದು ದೇವಯ್ಯ ನಕ್ಕರು. "ಹೋಗು, ಎಲ್ರುನೂ ಕರಿ. ಸಂತೋಷಂಗೆ ಚಾರ್ಜ್ ಮಾಡಿರೋ ಬ್ಯಾಟರಿ ತರಾಕೆ ಹೇಳು."

ಹತ್ತು ಗಂಟೆಯ ಹೊತ್ತಿಗೆ ಶೆಡ್ಡಿನ ಮುಂದೆ ಸಭೆ ಸೇರಿತು. ಹೊನ್ನಪ್ಪಗೌಡರು ಕುರ್ಚಿಯಲ್ಲಿ, ಪುಟ್ಟಗೌರಮ್ಮ ಒರಳುಕಲ್ಲಿನ ಮೇಲೆ, ಸಂತೋಷ್ ತನ್ನ ಸ್ಕೂಟರಿಗೆ ಒರಗಿ. ಶಿವಣ್ಣ ದೂರದ ಬೇಲಿಯ ಬಳಿ, ಯಾರ ಮುಖವನ್ನೂ ನೋಡದೆ ನಿಂತಿದ್ದ. ಗೌಡರು ಸೀಲನ್ನು ತಾವೇ ತಿರುಗಿಸಿ ನೋಡಿದರು, ತಾವೇ ಕತ್ತರಿಸಿದರು. ಅಜ್ಜಿಯಿಂದ ಕೀ ಪಡೆದು ತಾವೇ ತಿರುಗಿಸಿದರು. ಕಾರು ಮಿಸುಕಲಿಲ್ಲ. ಗೌಡರು ಕೀ ಕಿತ್ತು ಅಂಗೈಯಲ್ಲಿಟ್ಟುಕೊಂಡು ಕುರ್ಚಿಗೆ ಮರಳಿದರು.

"ಹೊರಗಿಂದ ಯಾರೂ ಮುಟ್ಟಿಲ್ಲ," ಎಂದರು ದೇವಯ್ಯ. "ಅಂದ್ಮೇಲೆ ಕರೆಂಟು ಕುಡಿಯೋನು ಒಳಗೇ ಅವ್ನೆ. ಸಂತೋಷ, ತಂದಿರೋ ಬ್ಯಾಟರಿ ಇಡು. ಲೈಟೆಲ್ಲ ಆಫ್ ಐತೋ ನೋಡು."

ಸಂತೋಷ್ ಒಂದೊಂದಾಗಿ ನೋಡಿ ಹೇಳಿದ. ಮುಂದಿನ ದೀಪ, ಹಿಂದಿನ ದೀಪ, ಬ್ರೇಕಿನದು, ಡಿಕ್ಕಿಯದು, ಒಳಗಿನ ಚಾವಣಿಯದು, ಎಲ್ಲ ಆಫ್. ಮೂರು ಸಲ ಬಂದಾಗಲೂ ಹೀಗೇ ನೋಡಿದ್ದೇನೆ, ಬರೆದುಕೊಡಲೂ ಸಿದ್ಧ ಎಂದ. ಒಂದು ವೈರು ಬಿಗಿದು, ಇನ್ನೊಂದರ ಹಿಡಿಯನ್ನು ಬ್ಯಾಟರಿಯ ತಲೆಗೆ ತಾಗಿಸಿದ. ಚಿಟ್ಟೆಂದು ಸಣ್ಣದೊಂದು ಕಿಡಿ ಹಾರಿತು.

"ಎಲ್ಲಾ ಆಫ್ ಆಗಿದ್ರೆ ಕಿಡಿ ಯಾಕ್ಲಾ ಬಂತು?" ಎಂದರು ದೇವಯ್ಯ.

ಉತ್ತರ ಕೊಡಲು ಯಾರಿಗೂ ಪುರಸೊತ್ತಿರಲಿಲ್ಲ. ಬ್ಯಾಟರಿ ತಾಗಿದ ಕ್ಷಣ ಗಾಜಿನ ಹಿಂದೆ ಭೈರವೇಶ್ವರನ ಮುಂದೆ ಕೆಂಪು ದೀಪ ಹೊತ್ತಿಕೊಂಡಿತ್ತು. ಅಜ್ಜಿ ಒರಳಿನಿಂದ ಎದ್ದು ಕೈಮುಗಿದಿದ್ದರು. ಗೌಡರು ಕುರ್ಚಿಯಲ್ಲೇ ಕೈಮುಗಿದಿದ್ದರು. ಸಂತೋಷ್ ಒಂದು ಕೈಯಲ್ಲಿ ಸ್ಪ್ಯಾನರು ಹಿಡಿದು ಇನ್ನೊಂದನ್ನು ಎದೆಗೆ ಮುಟ್ಟಿಸಿ ಹಣೆಗೆ ಮುಟ್ಟಿಸಿದ್ದ. ತನ್ನ ಕೈಗಳೂ ಎದೆಯ ಮುಂದೆ ಜೋಡಿರುವುದು ಮಹದೇವಸ್ವಾಮಿಗೆ ಆಗ ತಿಳಿಯಿತು.

"ಈಗ ಎಲ್ರೂ ಕೈ ಮುಗುದ್ರಲ್ಲ," ಎಂದರು ದೇವಯ್ಯ, "ಅದು ಲೈಟಲ್ವಾ?"

ಒಂದು ಕೋಳಿ ಕಾರಿನ ಕೆಳಗೆ ಹೋಗಿ ಆಚೆಯಿಂದ ಹೊರಬಂತು.

ದೇವಯ್ಯ ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಹೇಳಿದರು. ಸೋಮವಾರ ಬೆಳಿಗ್ಗೆ ಗಾಜಿನ ಮೇಲೆ ಒಣಗಿದ್ದ ಜಾಗ ಪಟದ ನೇರಕ್ಕೇ ಇತ್ತು. ಮುಟ್ಟಿದರೆ ಬೆಚ್ಚಗಿತ್ತು. ಒಳಗೆ ಏನೋ ಬಿಸಿಯಾಗಿ ಇಬ್ಬನಿ ಕೂರದಂತೆ ಮಾಡಿತ್ತು. ಮಂಗಳವಾರ ಆ ಜಾಗವೂ ಒದ್ದೆ, ಅಂದರೆ ಆ ಬಿಸಿ ಅಷ್ಟರಲ್ಲಿ ಆರಿತ್ತು. ಬ್ಯಾಟರಿಯೂ ಅಷ್ಟರಲ್ಲಿ ಸತ್ತಿತ್ತು. ಮಹದೇವಸ್ವಾಮಿ ಸೋಮವಾರ ಕೈಮುಗಿದದ್ದು ಪಟಕ್ಕಲ್ಲ, ಮಂಜಿನಲ್ಲಿ ಕೆಂಪಗೆ ಕಂಡ ಬೆಳಕಿಗೆ. ಮಂಗಳವಾರ ಬೆಳಕು ಇರಲಿಲ್ಲ, ಕೈ ತಾನಾಗಿ ಮೇಲೇಳಲಿಲ್ಲ.

"ಈ ದೀಪ ಮೊದ್ಲು ಕೀ ತಿರುಗಿಸಿದ್ರೆ ಮಾತ್ರ ಉರೀತಿತ್ತು, ಅಲ್ವಾ ಗೌಡ್ರೆ?" ಎಂದು ಕೇಳಿದರು.

ಗೌಡರು ತಾಯಿಯ ಕಡೆ ನೋಡಿದರು. ಪುಟ್ಟಗೌರಮ್ಮ ಅಂಜುವವರಲ್ಲ. ಕಾರ್ತಿಕ ಮಾಸದಲ್ಲಿ ಕಾರು ನಿಲ್ಲಿಸಿದಾಗಲೆಲ್ಲ ದೇವರ ದೀಪ ಆರಿಹೋಗುವುದನ್ನು ಕಂಡು ತಾವೇ ಹಟ ಹಿಡಿದದ್ದೆಂದೂ, ದೀಪ ಆರದ ಹಾಗೆ ಮಾಡಿಸೆಂದು ಮಗನಿಗೆ ತಾವೇ ಹೇಳಿದ್ದೆಂದೂ ಒಪ್ಪಿಕೊಂಡರು. ಗೌಡರು ಸಂತೋಷನನ್ನು ಕರೆಸಿ ನೇರ ಬ್ಯಾಟರಿಗೇ ವೈರು ಎಳೆಸಿದ್ದರು.

"ಆಗ ಅದರೊಳಗೆ ಇದ್ದದ್ದು ಕಡಲೆಕಾಳಿನಷ್ಟು ಬಲ್ಬು," ಎಂದರು ದೇವಯ್ಯ. "ಒಂದಿನ ನಿಂತ್ರೂ ಬ್ಯಾಟರಿ ತಡ್ಕೋತಿತ್ತು. ಆಮೇಲೆ ಅದು ಸುಟ್ಟೋಯ್ತು. ಸಂತೋಷ, ಮುಚ್ಚಳ ತಗಿ."

ಸಂತೋಷ್ ತೆಗೆದ. ಕೆಂಪು ಮುಚ್ಚಳದ ಒಳಮೈ ಬಿಸಿಗೆ ಕಂದಿತ್ತು. ಒಳಗಿದ್ದದ್ದು ಹೆಬ್ಬೆಟ್ಟಿನ ಗಾತ್ರದ ಬಲ್ಬು. ತಿರುವಿನಲ್ಲಿ ಮಿನುಗಲೆಂದು ಕಾರಿನ ಮೂಲೆಗೆ ಹಾಕುವಂಥದ್ದು. ಅವತ್ತು ಸಣ್ಣದು ಅಂಗಡಿಯಲ್ಲಿರಲಿಲ್ಲ, ದೇವರಿಗೆ ತಾನೇ, ಚೆನ್ನಾಗಿ ಬೆಳಗಲಿ ಎಂದು ಹಾಕಿದೆ ಎಂದು ಅವನು ಸ್ಪ್ಯಾನರಿಗೆ ಹೇಳಿದ.

ವಾರದ ದಿನಗಳಲ್ಲಿ ರಾತ್ರಿ ಆ ಬಲ್ಬು ಕುಡಿದದ್ದನ್ನು ಹಗಲು ಕಾರು ಓಡಿ ತುಂಬಿಸಿಕೊಡುತ್ತಿತ್ತು. ಭಾನುವಾರ ಸಂಜೆಯಿಂದ ಮಂಗಳವಾರ ಬೆಳಿಗ್ಗೆವರೆಗೆ ತುಂಬಿಸುವವರಿಲ್ಲ. ಬಸವಣ್ಣನ ರಜೆಯಲ್ಲಿ ಭೈರವೇಶ್ವರ ಒಬ್ಬನೇ ಕೆಲಸ ಮಾಡುತ್ತಿದ್ದ.

"ದೀಪ ಆರಬಾರ್ದು ಅಂದೋರು ಅವ್ವ. ವೈರು ಎಳೆಸ್ದೋರು ನೀವು. ಬಲ್ಬು ಹಾಕ್ದೋನು ಇವ್ನು," ಎಂದರು ದೇವಯ್ಯ. "ಕಾರಿಗೆ ಏನೂ ಮಾಡ್ದೆ ಇದ್ದೋನು ಒಬ್ಬನೇ. ಅವ್ನು ಬೇಲಿ ತಾವ ನಿಂತವ್ನೆ."

ಗೌಡರು ತುಂಬ ಹೊತ್ತು ಕೀಯನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದರು. ಕೊನೆಗೆ ಬೇಲಿಯ ಕಡೆ ನೋಡದೆ, ನಾಳೆಯಿಂದ ಬರಲು ಹೇಳಿ ಎಂದು ದೇವಯ್ಯನಿಗೆ ಹೇಳಿದರು.

ಶಿವಣ್ಣ ಅಲ್ಲಿಂದಲೇ ಮಾತಾಡಿದ. ದನಿ ಎತ್ತರಿಸಲಿಲ್ಲ. "ಬತ್ತೀನಿ ಗೌಡ್ರೆ. ಕೀ ಎಲ್ಲಿ ಕಿತ್ಕೊಂಡ್ರೋ ಅಲ್ಲೇ ಕೊಡಿ."

ಗೌಡರ ಮುಖ ಕೆಂಪಾಯಿತು. ಮೂರು ತಲೆಮಾರಿನಿಂದ ಆ ಮನೆಯ ಗಂಡಸರು ಊರ ಮುಂದೆ ತಪ್ಪೊಪ್ಪಿಕೊಂಡ ದಾಖಲೆ ಇಲ್ಲ. ಅವರು ಏಳಲು ಹೋದರು. ಪುಟ್ಟಗೌರಮ್ಮ ಸೆರಗು ಬಿಗಿದುಕೊಂಡು ಮಗನ ಮುಂದೆ ಬಂದು ನಿಂತರು.

"ಏನ್ಲಾ ನೋಡ್ತೀಯೆ?" ಎಂದರು. "ದೇವ್ರ ದೀಪ ಆರಿಸ್ಬ್ಯಾಡ ಅಂದೆ ನಾನು. ಬಾಳ್ವೆ ಮಾಡೋನ ಮರ್ವಾದೆ ಆರ್ಸು ಅನ್ನಿಲ್ಲ. ಹೋಗಿ ಹೇಳು. ಇಲ್ದಿದ್ರೆ ನಾನೇ ಹೋಗಿ ಕಾರ್ ಕೀ ಅವನ ಕೈಗೆ ಮಡಗ್ತೀನಿ, ಯಾಕೆ ಅಂತಾನೂ ಹೇಳ್ತೀನಿ."

ಬುಧವಾರ ಬೆಳಿಗ್ಗೆ ಡೇರಿಯ ಮುಂದೆ ಸಾಲು ಎಂದಿಗಿಂತ ಉದ್ದವಾಗಿತ್ತು. ಹಸು ಇಲ್ಲದವರೂ ಕ್ಯಾನು ಹಿಡಿದು ಬಂದಿದ್ದರು. ಮಹದೇವಸ್ವಾಮಿ ಮಿಲ್ಲಿಗೆ ಬೀಗ ಹಾಕಿ ಬಂದಿದ್ದ, ಅದೂ ಕರೆಂಟು ಇದ್ದಾಗ. ಹೊನ್ನಪ್ಪಗೌಡರು ನಡೆದೇ ಬಂದರು. ಗಂಟಲು ಸರಿಮಾಡಿಕೊಂಡು, ಕಾರಿನ ತೊಂದರೆ ಕಾರಿನೊಳಗೇ ಇತ್ತು, ಶಿವಣ್ಣನದೇನೂ ಇಲ್ಲ ಎಂದು ತಮ್ಮ ಅಂಗಿಯ ಗುಂಡಿಗೆ ಹೇಳಿದರು.

"ಹಿಂದುಕ್ಕೆ ಕೇಳಿಸ್ನಿಲ್ಲ ಗೌಡ್ರೆ," ಎಂದಳು ಸಾಲಿನ ಕೊನೆಯಲ್ಲಿದ್ದ ಚಿಕ್ಕಬೋರಮ್ಮ.

ಗೌಡರು ತಲೆಯೆತ್ತಿದರು. "ಶಿವಣ್ಣ ಕಳ್ಳ ಅಲ್ಲ," ಎಂದರು. "ಅಂಗಂದದ್ದು ನನ್ನ ತಪ್ಪು." ಈ ಸಲ ರಸ್ತೆಯಾಚೆಯ ಬಸ್ ಸ್ಟಾಂಡಿನವರೂ ತಿರುಗಿ ನೋಡಿದರು.

ಶಿವಣ್ಣ ಹಾಲಿನ ಕ್ಯಾನು ಕೆಳಗಿಟ್ಟ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಮುಂದೆ ಬಂದು, ಗೌಡರು ಚಾಚಿದ ಕೀಯನ್ನು ಎರಡೂ ಕೈಯಿಂದ ತೆಗೆದುಕೊಂಡ.

"ಇವತ್ತು ಯಾವ ಕಡೆ ಗೌಡ್ರೆ?" ಎಂದು ಕೇಳಿದ.