ಹೊಳೆಯುವ ಬಟ್ಟಲು

"ಕೈ ಮೇಲೆತ್ತು!"

ಎತ್ತಿದೆ. ಗಾರ್ಡ್‌ನ ರಿವಾಲ್ವರ್ ನನ್ನ ಟೈಗೆ ತಾಗಿತ್ತು. ಹೊಸ ಟೈ... ಹೊಟ್ಟೆ ಉರಿಯಿತು!

ಕೇಳಿ, ಇದು ೧೯೭೪. ಅಮೆರಿಕದ ರಾಕ್‌ವಿಲ್‌ನ ಪುಟ್ಟ ಮ್ಯೂಸಿಯಂ. ಒಂದು ಹಾಲ್‌ನಲ್ಲಿ ಮೇರಿಲ್ಯಾಂಡಿನ ಕಲ್ಲುಗಳು, ಇನ್ನೊಂದರಲ್ಲಿ ಯುರೋಪಿನ ಪುರಾತನ ಕೆಲ್ಟ್ ಜನರ ಲೋಹದ ಸಾಮಾನು. ಸಂಜೆ ಐದಕ್ಕೆ ಓಪನಿಂಗ್. ನಾನು ವೆಂಕೋಬ, ಪ್ರೈವೇಟ್ ಡಿಟೆಕ್ಟಿವ್. ಹಿಂಬಾಗಿಲಿನಿಂದ ಬಂದದ್ದೇ ತಪ್ಪಾಯಿತು.

"ನಾನೇ ಕರೆಸಿದ್ದು!" ಎಂದು ಓಡಿಬಂದ ನಾಗಭೂಷಣ. ಕಲ್ಲುಗಳನ್ನು ಜೋಡಿಸಿದ ಜಿಯಾಲಜಿಸ್ಟ್ ಅವನೇ.

"ಸಾರ್, ವರ್ಕ್‌ರೂಮಿನಲ್ಲಿದ್ದ ಎರಡು ಸಾವಿರ ವರ್ಷದ ಕಂಚಿನ ಬಟ್ಟಲು ಕಳುವಾಗಿದೆ! ಅದು ಹಸಿರಾಗಿತ್ತು. ಲಂಚ್ ಮುಗಿಸಿ ಬಂದ್ರೆ ಆ ಜಾಗದಲ್ಲಿ ಈ ಹೊಳೆಯೋ ಹೊಸದು!"

"ವರ್ಕ್‌ರೂಮಿನ ಕೀ?"

"ಕ್ಯುರೇಟರ್ ಬಿಟ್ರೆ ನನ್ನ ಹತ್ರ ಮಾತ್ರ... ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಅರೆಸ್ಟ್ ಆದ್ರೆ ಮುಗೀತು!"

ಅವನ ಹಿಂದೆಯೇ ಬಂದಿದ್ದ ಕ್ಯುರೇಟರ್ ವಿಟ್ಲಾಕ್ ಫೋನಿನತ್ತ ಹೊರಟ. "ಪೊಲೀಸರನ್ನು ಕರೆಯುತ್ತೇನೆ."

ನಾಗಭೂಷಣ ತಂದಿದ್ದ ಬಟ್ಟಲನ್ನು ಮೂಸಿದೆ. ಹುಳಿ ವಾಸನೆ!

ಪೊಲೀಸರು ಬರುವ ಮೊದಲೇ ವರ್ಕ್‌ರೂಮ್ ನೋಡಬೇಕು... ಬಟ್ಟಲು ಕಿತ್ತುಕೊಂಡು ಓಡಿದೆ!

ಕಲ್ಲುಗಳ ಹಾಲ್... ಮೆಟ್ಟಿಲು... ಹಿಂದೆ ಗಾರ್ಡ್! ವರ್ಕ್‌ರೂಮಿಗೆ ನುಗ್ಗಿ ಬೋಲ್ಟ್ ಹಾಕಿದೆ.

ಗೋಡೆಯ ಮೇಲೆ ಕಳುವಾದ ಬಟ್ಟಲಿನ ಫೋಟೋ. ಅಂಚಿನಲ್ಲಿ ಕೆತ್ತಿದ ಕುದುರೆಗೆ ಎಡಗಿವಿ ಇಲ್ಲ. ನನ್ನ ಕೈಯಲ್ಲಿದ್ದ ಕುದುರೆಗೂ ಇಲ್ಲ!

ಸಿಂಕ್ ಪಕ್ಕ ನಾಗಭೂಷಣನ ತಾಯಿ ಅನಸೂಯಮ್ಮ ಕೂತಿದ್ದರು. ಮೈಸೂರಿನಿಂದ ಬಂದು ಹದಿನೈದು ದಿನ. ಬೆಳಗಿನಿಂದ ಮಗ ಆಕೆಯನ್ನು ಇಲ್ಲೇ ಕೂರಿಸಿದ್ದ. ಆಕೆಯನ್ನು ಯಾರೂ ಏನೂ ಕೇಳಿರಲಿಲ್ಲ.

"ಅಮ್ಮಾ, ಇದನ್ನ..."

"ಹುಣಸೆಹಣ್ಣು ಹಾಕಿ ಬೆಳಗಿದೆ ಕಣಪ್ಪ! ಆ ದೊಡ್ಡ ಸಾಹೇಬರು ಸಿಂಕ್ ಪಕ್ಕ ಇಟ್ಟು ಹೋದ್ರು, ನೋಡಿದ್ರೆ ಕಿಲುಬು ಹಿಡಿದಿತ್ತು. ಐದು ಗಂಟೆಗೆ ಜನ ಬರ್ತಾರೆ, ನನ್ನ ಮಗನ ಮರ್ಯಾದೆ ಏನಾಗಬೇಕು?"

ಬಾಗಿಲು ಮುರಿದು ವಿಟ್ಲಾಕ್ ಬಂದ. ಕುದುರೆಯ ಕಿವಿ ತೋರಿಸಿದೆ. ಅವನು ಬಟ್ಟಲನ್ನು ಕಿತ್ತುಕೊಂಡು ದೀಪಕ್ಕೆ ಹಿಡಿದ.

"ಆ ಹಸಿರೇ ಅದರ ಜೀವ!"

"ಕಳ್ಳತನ ಆಗಿಲ್ಲ, ನಾಗಭೂಷಣನನ್ನು ಬಿಡಿ. ಅಂದಹಾಗೆ, ಬಟ್ಟಲನ್ನು ಸಿಂಕ್ ಪಕ್ಕ ಬಿಟ್ಟು ಲಂಚ್‌ಗೆ ಹೋದವರು ಯಾರು?"

ವಿಟ್ಲಾಕ್ ಕೆಮ್ಮಿದ. ಆಮೇಲೆ ಫೋನಿನ ಸುದ್ದಿಯೇ ಎತ್ತಲಿಲ್ಲ.

ಐದಕ್ಕೆ ಹೊಸ ಲೇಬಲ್ ಬಂತು: 'ಕೆಲ್ಟ್ ಜನ ಕಂಡಂತೆಯೇ!' ವಾಷಿಂಗ್ಟನ್ನಿನ ಪಂಡಿತರು ಕನ್ನಡಕ ಸರಿಮಾಡಿಕೊಂಡು "ಬ್ರಿಲಿಯಂಟ್!" ಎಂದರು. ಕಲ್ಲುಗಳನ್ನು ಒಬ್ಬರೂ ನೋಡಲಿಲ್ಲ. ಅವುಗಳ ನಡುವೆ ನಿಂತು ನಾಗಭೂಷಣ ಸಮಾಧಾನದಿಂದ ಅತ್ತ.

ಅನಸೂಯಮ್ಮನ ಕಣ್ಣು ಮಾತ್ರ ಪಕ್ಕದ ಕಂಚಿನ ಕತ್ತಿಯ ಮೇಲಿತ್ತು. ಹಸಿರು ಕತ್ತಿ.

"ಇದೊಂದು ಉಳಿದುಬಿಡ್ತಲ್ಲ..."

ಆ ದಿನ ಆ ಮ್ಯೂಸಿಯಂನಲ್ಲಿ ನಿಜವಾಗಿ ಕಳುವಾದದ್ದು ಒಂದೇ... ಆಕೆಯ ಬ್ಯಾಗಿನಲ್ಲಿದ್ದ ಹುಣಸೆಹಣ್ಣು. ಕದ್ದವನು ನಾನೇ!