ಎರಡು ಕೈಯ ನೀರು

ಲಿಫ್ಟ್ ಒಮ್ಮೆ ಜಗ್ಗಿ ನಿಂತುಬಿಟ್ಟಿತು.

ಅವಳು ನಿಂಬೆ ಗಿಡದ ಕುಂಡವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಐದನೇ ಮಹಡಿಯಿಂದ ಹೊರಟಿದ್ದಳು. ಈಗ ಯಾವ ಮಹಡಿಯೂ ಅಲ್ಲದ ಜಾಗದಲ್ಲಿ ನಿಂತಿದ್ದಳು. ಗುಂಡಿಗಳನ್ನೆಲ್ಲ ಒತ್ತಿದಳು. ಕೊನೆಗೆ ಗಂಟೆಯ ಚಿತ್ರವಿದ್ದ ಕೆಂಪು ಗುಂಡಿಯನ್ನು ಒತ್ತಿ ಕಾದಳು.

ಇಪ್ಪತ್ತು ನಿಮಿಷದ ನಂತರ, ಅವಳ ಮೊಣಕಾಲಿನ ಮಟ್ಟದಲ್ಲಿ ಹೊರಗಿನ ಬಾಗಿಲು ಒಂದು ಗೇಣಿನಷ್ಟು ಸರಿಯಿತು. ಆ ಸಂದಿಯಲ್ಲಿ ಒಬ್ಬ ಗಂಡಸಿನ ಮುಖ ಕಂಡಿತು. ಕೆನ್ನೆಯ ಮೇಲೆ ಗ್ರೀಸಿನ ಕಲೆ.

"ಒಳಗೆ ಎಷ್ಟು ಜನ ಇದ್ದೀರಿ?"

"ಒಬ್ಬಳೇ... ಒಂದು ಗಿಡ ಇದೆ."

"ಗಿಡ ಹೆದರಿಕೊಂಡಿದೆಯಾ?"

ಅವಳು ಕುಂಡವನ್ನೊಮ್ಮೆ ನೋಡಿದಳು.

"ಮೇಲೆ ಮೋಟಾರಿನ ಬ್ರೇಕ್ ಹಿಡ್ಕೊಂಡಿದೆ. ನಮ್ಮವರು ಬಿಡಿಸ್ತಿದ್ದಾರೆ. ಅರ್ಧ ಗಂಟೆ ಬೇಕು. ಅಲ್ಲೀವರೆಗೂ ನಾನು ಇಲ್ಲೇ ಇರ್ತೀನಿ. ಕೂತ್ಕೊಳ್ಳಿ, ನಿಂತ್ರೆ ಭಯ ಜಾಸ್ತಿ."

ಅವಳು ಕುಳಿತಳು. ಕುಂಡವನ್ನು ಸಂದಿಯ ಹತ್ತಿರ ಇಟ್ಟಳು. ಮೆಕ್ಯಾನಿಕ್ ಟಾರ್ಚ್ ಹಾಕಿ ಹಳದಿ ತಿರುಗಿದ ಎಲೆಗಳನ್ನು ನೋಡಿದ. ಆಮೇಲೆ ಬೆಳಕು ಕುಂಡದ ಅಂಚಿಗೆ ಇಳಿಯಿತು. ಬಿರುಕು ಬಿಟ್ಟ ಅಂಚಿಗೆ ತಾಮ್ರದ ತಂತಿಯನ್ನು ಏಳು ಸುತ್ತು ಸುತ್ತಿದ್ದರು.

"ಈ ಕುಂಡ ನಂಗೆ ಗೊತ್ತು," ಎಂದ ಅವನು. ಅವನ ದನಿ ಬದಲಾಗಿತ್ತು. "ಇದು ಕೊಳದಣ್ಣನ ಗಿಡ. ಫೋಟೋದಲ್ಲಿ ನೂರು ಸಲ ನೋಡಿದ್ದೀನಿ. ನಾನೂ ಗಿಡದ ಗುಂಪಿನವನೇ. ಬಸವನಹುಳು ಅಂತಾರಲ್ಲ, ಅದು ನಾನೇ."

ಅವಳು ಕುಂಡವನ್ನು ತನ್ನ ಕಡೆಗೆ ಎಳೆದುಕೊಂಡಳು.

"ನೀವು ಅವರ ಮನೆಯವರಾ? ಅಣ್ಣ ಎಲ್ಲಿ?"

ನಿಜ ಹೇಳಲು ಒಂದು ಕ್ಷಣ ಸಾಕಿತ್ತು.

"ಮನೇಲಿ," ಎಂದಳು ಅವಳು.

*

ಕೊಳದಣ್ಣ ಎಂದರೆ ಅವಳ ಗಂಡ. ತಾರಸಿಯ ಮೇಲೆ ಸಿಮೆಂಟಿನ ತೊಟ್ಟಿ ಕಟ್ಟಿ, ನೈದಿಲೆ ನೆಟ್ಟು, ಮೀನು ಬಿಟ್ಟು, ಅದನ್ನು ಕೊಳ ಎಂದು ಕರೆದವನು. ಮನೆಯಲ್ಲಿ ಗಿಡ ಬೆಳೆಸುವವರ ಫೋನ್ ಗುಂಪಿನಲ್ಲಿ ಅವನಿಗೆ ಆ ಹೆಸರು ಬಿದ್ದಿತ್ತು. ಕೊಳದ ನೀರು ಹಸಿರಾದರೆ, ಗುಲಾಬಿಗೆ ಹೇನು ಹತ್ತಿದರೆ, ಎಲ್ಲರೂ ಕೊಳದಣ್ಣನನ್ನೇ ಕೇಳುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೋಗಿ ಹಿಂತಿರುಗಲಿಲ್ಲ. ರಸ್ತೆ ಅಪಘಾತ. ಫೋನಿಗೆ ಗೀರು ಕೂಡ ಬಿದ್ದಿರಲಿಲ್ಲ.

ಹದಿನೈದು ದಿನದ ಮೇಲೆ ಆ ಫೋನ್ ಸದ್ದು ಮಾಡಿತು. 'ಅಣ್ಣ, ನನ್ನ ಗುಲಾಬಿ ಮೊಗ್ಗೆಲ್ಲ ಕಪ್ಪಾಗಿ ಉದುರ್ತಿದೆ. ಎಲ್ಲಿದ್ದೀರಿ?'

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಅಷ್ಟು ದಿನ ಒಂದು ಮಾತೂ ಆಡಿರಲಿಲ್ಲ.

"ಅವನಾಗಿದ್ರೆ ಏನು ಬರೀತಿದ್ದ?" ಎಂದರು.

ಅವಳು ಬರೆದಳು. ಅತ್ತೆ ಆ ದಿನ ಊಟ ಮಾಡಿದರು.

ಅಲ್ಲಿಂದ ಅದು ನಿಲ್ಲಲಿಲ್ಲ. ಹಗಲೆಲ್ಲ ಅವಳು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುತ್ತಿದ್ದಳು. ಸಂಜೆ ಆರಕ್ಕೆ ಅತ್ತೆ ಹೊಲಿಗೆ ಯಂತ್ರ ನಿಲ್ಲಿಸಿ, "ಗುಂಪಲ್ಲಿ ಏನಂದ್ರು?" ಎನ್ನುತ್ತಿದ್ದರು. ಅವಳು ಒಂದೊಂದನ್ನೇ ಗಟ್ಟಿಯಾಗಿ ಓದುತ್ತಿದ್ದಳು. 'ಅಣ್ಣ' ಎಂಬ ಪದ ಬಂದಾಗಲೆಲ್ಲ ಅತ್ತೆಯ ಮುಖ ಸ್ವಲ್ಪ ಸಡಿಲವಾಗುತ್ತಿತ್ತು.

ಮಗ ಬದುಕಿರುವ ಜಾಗ ಅದೊಂದೇ. ಅದನ್ನು ಮುಚ್ಚುವುದು ಹೇಗೆ? ಅವಳ ಸ್ವಂತ ಫೋನ್ ಯಾವಾಗಲೋ ಬ್ಯಾಟರಿ ಊದಿಕೊಂಡು ಸತ್ತಿತ್ತು. ಅವಳು ರಿಪೇರಿ ಮಾಡಿಸಿರಲಿಲ್ಲ. ಅವಳನ್ನು ಹುಡುಕುವವರು ಯಾರಿದ್ದಾರೆ?

ಈಗ ಅವನು ಬೀಜ ಹಾಕಿ ಬೆಳೆಸಿದ್ದ ನಿಂಬೆ ಗಿಡ ಸಾಯುತ್ತಿತ್ತು. ತಿಂಗಳಿಗೊಮ್ಮೆ ಗುಂಪಿನವರು ಕಾಯಿಲೆಯ ಗಿಡಗಳನ್ನು ತಂದು ಪಾರ್ಕಿನಲ್ಲಿ ಸೇರುತ್ತಾರೆ. 'ಪಕ್ಕದ ಮನೆಯವಳು, ಕೊಳದಣ್ಣ ಕಳಿಸಿದ್ರು' ಎಂದು ಹೇಳಿ ತೋರಿಸಿ ಬಂದುಬಿಡೋಣ ಎಂದು ಅವಳು ಹೊರಟಿದ್ದಳು.

ಲಿಫ್ಟ್ ನಿಂತಿತು.

*

"ಅಣ್ಣನಿಗೆ ಒಂದು ವಿಷಯ ಹೇಳಿ," ಎಂದಿದ್ದ ಮೆಕ್ಯಾನಿಕ್ ಆ ಸಂದಿಯಿಂದ. "ಒಂದೂವರೆ ವರ್ಷದ ಹಿಂದೆ ನನ್ನ ತೊಟ್ಟಿ ಮೀನೆಲ್ಲ ಒಂದೇ ದಿನ ಸತ್ತುಹೋದ್ವು. ಗಲೀಜಾಗಿದೆ ಅಂತ ಪೂರ್ತಿ ನೀರು ಬದಲಾಯಿಸಿ, ಕ್ಲೋರಿನ್ ಇರೋ ನಲ್ಲಿ ನೀರು ತುಂಬಿಸಿಬಿಟ್ಟಿದ್ದೆ. ಗುಂಪಲ್ಲಿ ಎಲ್ಲರೂ ಬೈದ್ರು. ಅಣ್ಣ ಮಾತ್ರ ಬರೆದ್ರು, 'ಮುಂದಿನ ಸಲ ನೀರನ್ನ ಎರಡು ದಿನ ಬಕೆಟ್‌ನಲ್ಲಿ ಕೂರಿಸಿ. ನೀವೂ ಅದರ ಪಕ್ಕ ಕೂತಿರಿ' ಅಂತ. ಆ ವಾರವೇ ನಮ್ಮಮ್ಮ ಹೋಗಿದ್ರು. ಅಣ್ಣನಿಗೆ ಗೊತ್ತಿರ್ಲಿಲ್ಲ. ನಾನು ನಿಜವಾಗ್ಲೂ ಎರಡು ದಿನ ಬಕೆಟ್ ಪಕ್ಕ ಕೂತಿದ್ದೆ."

ಅವಳು ಕತ್ತು ತಗ್ಗಿಸಿ ತಂತಿಯ ಸುತ್ತುಗಳನ್ನು ಎಣಿಸಿದಳು. ಆ ಸಾಲುಗಳನ್ನು ಬರೆದ ಸಂಜೆ ಅವಳಿಗೆ ಚೆನ್ನಾಗಿ ನೆನಪಿತ್ತು.

"ಹೇಳ್ತೀನಿ," ಎಂದಳು.

ಅರ್ಧ ಗಂಟೆಯ ಮೇಲೆ ಬ್ರೇಕ್ ಬಿಟ್ಟಿತು, ಅವಳು ಹೊರಗೆ ಬಂದಳು; ಆದರೆ ಲಿಫ್ಟಿನ ಹಗ್ಗವೂ ಸವೆದಿತ್ತು, ಅದನ್ನು ಬದಲಿಸಲು ಒಂದು ವಾರ ಬೇಕಾಯಿತು. ಅವಳು ಮೆಟ್ಟಿಲಿಳಿದು ಹಾಲು ತರಲು ಹೋಗುವಾಗ ಮೂರನೇ ಮಹಡಿಯಲ್ಲಿ ಅವನು ಇರುತ್ತಿದ್ದ. ಮೊದಲ ದಿನ ಎಲೆಯ ಬಗ್ಗೆ ಕೇಳಿದ. ಎರಡನೇ ದಿನ ಅವಳೇ ಒಂದು ಎಲೆ ಕಿತ್ತು ತಂದಿದ್ದಳು. ಮೂರನೇ ದಿನ ಹಾಲಿನ ಅಂಗಡಿ ಮುಚ್ಚಿದ್ದರೂ ಕೆಳಗಿಳಿದಳು.

"ನೀರು ಜಾಸ್ತಿಯಾದ ಲಕ್ಷಣ ಇದು," ಎಂದ ನಾಲ್ಕನೇ ದಿನ. "ಎಷ್ಟು ಹಾಕ್ತೀರಿ?"

"ದಿನಾ ಸಂಜೆ ಒಂದು ಚೊಂಬು. ಅಷ್ಟೇ."

"ಅಷ್ಟಕ್ಕೇ ಹೀಗಾಗಲ್ಲ. ಮನೇಲಿ ಇನ್ಯಾರು ನೀರು ಹಾಕ್ತಾರೆ? ಅಣ್ಣನಾ?"

"ಇಲ್ಲ," ಎಂದಳು. "ನಾನೊಬ್ಬಳೇ."

ಐದನೇ ದಿನ ಅವಳು ಕೇಳಿದಳು, "ನಿಮಗೆ ಬಸವನಹುಳು ಅಂತ ಯಾಕೆ ಹೆಸರಿಟ್ರು?"

"ಹುಳು ನನ್ನ ಸೊಪ್ಪೆಲ್ಲ ತಿಂತಿತ್ತು. ಕೊಲ್ಲೋಕೆ ಮನಸ್ಸಾಗ್ಲಿಲ್ಲ. ದಿನಾ ಬೆಳಿಗ್ಗೆ ಡಬ್ಬಿಗೆ ಹಾಕಿ ಪಾರ್ಕಿಗೆ ಬಿಟ್ಟು ಬರ್ತಿದ್ದೆ. ತಿಂಗಳಾದ ಮೇಲೆ ಒಂದರ ಬೆನ್ನಿಗೆ ಬಣ್ಣ ಹಚ್ಚಿ ನೋಡಿದೆ. ನಾಲ್ಕನೇ ದಿನ ಅದೇ ನಮ್ಮನೆ ಗೇಟಿನ ಹತ್ರ ಬರ್ತಾ ಇತ್ತು. ನಾನು ಬಸ್ಸಲ್ಲಿ ಬಿಟ್ಟು ಬಂದದ್ದು, ಅದು ನಡ್ಕೊಂಡು ಬಂದದ್ದು."

ಅವಳು ನಕ್ಕಳು.

ನಕ್ಕ ಸದ್ದು ಮೆಟ್ಟಿಲುಗಳ ನಡುವೆ ಮೇಲಕ್ಕೆ ಹೋಯಿತು. ಅವಳೇ ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಕೈಯಲ್ಲಿದ್ದ ಸ್ಪ್ಯಾನರ್ ನೋಡುತ್ತ ನಿಂತ.

ಆ ಸಂಜೆ ಫೋನಿಗೆ ಸಂದೇಶ ಬಂತು. ಗುಂಪಿಗಲ್ಲ, ಕೊಳದಣ್ಣನಿಗೆ ಮಾತ್ರ.

'ಅಣ್ಣ, ಬೈದ್ರೂ ಪರವಾಗಿಲ್ಲ, ನಿಮಗೆ ಹೇಳಿಬಿಡ್ತೀನಿ. ನಿಮ್ಮ ಮನೆಯವರ ಜೊತೆ ಐದು ದಿನ ಮೆಟ್ಟಿಲ ಮೇಲೆ ಮಾತಾಡಿದೆ. ಗಿಡ, ಹುಳು ಬಿಟ್ಟು ಬೇರೇನೂ ಆಡಿಲ್ಲ. ಆದ್ರೆ ಇವತ್ತು ಅವರು ನಕ್ಕರು. ಮನೆಗೆ ಬಂದ್ರೂ ಅದೇ ಕಿವೀಲಿದೆ. ಇದು ಸರಿಯಲ್ಲ. ನಾಳೆಯಿಂದ ನಿಮ್ಮ ಕಟ್ಟಡಕ್ಕೆ ಬೇರೆಯವರು ಬರ್ತಾರೆ. ನಿಂಬೆಯ ಬೇರು ನೋಡಿ, ತಡ ಮಾಡಬೇಡಿ.'

ಅವಳು ಮೂರು ಸಲ ಓದಿದಳು.

ಯಾರಾಗಿ ಉತ್ತರ ಬರೆಯಲಿ? ಗಂಡನಾಗಿ ಕ್ಷಮಿಸಲೇ? ಅವನಿಲ್ಲ ಎಂದು ಬರೆದರೆ... ಗೋಡೆಗೆ ಒರಗಿ ಕೂತಿದ್ದ ಅತ್ತೆಯ ಗತಿಯೇನು?

ಹೊಲಿಗೆ ಯಂತ್ರ ನಿಂತಿತು.

"ಗುಂಪಲ್ಲಿ ಏನಂದ್ರು?"

"ಇವತ್ತು... ಯಾರೂ ಏನೂ ಬರೆದಿಲ್ಲ ಅತ್ತೆ."

ಅತ್ತೆ ಅವಳ ಕೈಯಲ್ಲಿದ್ದ ಫೋನನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು.

*

ಬೆಳಕು ಹರಿಯುವಾಗಲೇ ಅವಳು ತಾರಸಿಗೆ ಹೋದಳು. ಬೇರು ನೋಡಬೇಕಿತ್ತು.

ನಿಂಬೆ ಗಿಡದ ಮುಂದೆ ಅತ್ತೆ ಬಗ್ಗಿ ನಿಂತಿದ್ದರು. ಕೈಯಲ್ಲಿ ಚೊಂಬು. ನೀರು ಸಣ್ಣಗೆ ಬೀಳುತ್ತಿತ್ತು.

"ಅತ್ತೆ..."

ಅತ್ತೆ ಚೊಂಬನ್ನು ಮೇಲೆತ್ತಿ ತಿರುಗಿದರು.

"ದಿನಾ ಹಾಕ್ತೀರಾ?"

"ಇಲ್ದಿದ್ರೆ ಯಾರು ಹಾಕ್ತಾರೆ?" ಅತ್ತೆಯ ದನಿಯಲ್ಲಿ ಸಿಟ್ಟಿತ್ತು. "ನೀನು ಬೆಳಿಗ್ಗೆ ಈ ಕಡೆ ತಿರುಗಿ ನೋಡಿದ್ದುಂಟಾ? ನಿನಗೆ ಮರೆತುಹೋಯ್ತು ಅಂದ್ಕೊಂಡೆ. ಎರಡು ವರ್ಷದಿಂದ ನಾನೇ ಹಾಕ್ತಿದ್ದೀನಿ."

"ನಾನು ಸಂಜೆ ಹಾಕ್ತೀನಿ. ನೀವು ಸ್ವಲ್ಪ ಅಡ್ಡಾದಾಗ."

ಕೊಳದಲ್ಲಿ ಒಂದು ಮೀನು ಮೇಲೆ ಬಂದು ಬಾಯಿ ತೆರೆದು ಮತ್ತೆ ಇಳಿಯಿತು.

"ಮೀನಿಗೂ?" ಎಂದರು ಅತ್ತೆ.

"ಮೀನಿಗೂ."

"ಅದಕ್ಕೇ ಅವು ಕುಂಬಳಕಾಯಿ ಥರ ಆಗಿರೋದು."

ತಂತಿ ಬಿಚ್ಚಿ ಕುಂಡವನ್ನು ಮಗುಚಿದರು. ಮಣ್ಣು ಇಡಿಯಾಗಿ ಕುಂಡದ ಆಕಾರದಲ್ಲೇ ಜಾರಿ ಬಂತು. ಕೊಳೆತ ವಾಸನೆ. ಬೇರು ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತಿ ಸುತ್ತಿ, ನೀರಿನಲ್ಲಿ ನಿಂತು ಕಪ್ಪಾಗಿತ್ತು. ಮುಟ್ಟಿದರೆ ಸಿಪ್ಪೆ ಕೈಗೆ ಬರುತ್ತಿತ್ತು.

ಅತ್ತೆ ಒಳಗೆ ಹೋಗಿ ಬಟ್ಟೆ ಕತ್ತರಿಸುವ ಕತ್ತರಿ ತಂದರು. ಅದರಲ್ಲಿ ಕಾಗದ ಕತ್ತರಿಸಿದರೂ ಮನೆಯಲ್ಲಿ ಯುದ್ಧವಾಗುತ್ತಿತ್ತು. ಮಗನಿಗೂ ಅದನ್ನು ಮುಟ್ಟಲು ಬಿಟ್ಟವರಲ್ಲ.

"ಕತ್ತರಿಸು."

ಕತ್ತರಿಸುತ್ತಾ ಹೋದಂತೆ ನಡುವಿನಲ್ಲಿ ಮೂರು ಬಿಳಿ ಬೇರುಗಳು ಸಿಕ್ಕವು. ನೂಲಿನಷ್ಟು ಸಣ್ಣವು.

ಅತ್ತೆ ಕೆಳಗೆ ಕೂತರು.

"ನಿನ್ನೆ ಫೋನ್ ಮೇಲೆ ಆ ಹುಳು ಹೆಸರು ಕಂಡೆ, ಅವನು ಬರೆದದ್ದನ್ನ ನೀನು ಓದ್ಲಿಲ್ಲ," ಎಂದರು. "ನಿನಗೆ ಸುಳ್ಳು ಹೇಳೋಕೆ ಬರಲ್ಲ. ಗುಂಪಿನೋರಿಗೆ ಎರಡು ವರ್ಷ ಹೇಗೆ ಹೇಳಿದ್ಯೋ."

ಅವಳು ಫೋನ್ ತೆಗೆದು ಓದಿದಳು. 'ನಕ್ಕರು' ಎಂಬಲ್ಲಿ ದನಿ ನಿಂತಿತು. ಆದರೂ ಕೊನೆಯವರೆಗೂ ಓದಿದಳು.

ಬಹಳ ಹೊತ್ತು ಅತ್ತೆ ಕತ್ತರಿಯ ಮಣ್ಣನ್ನು ಸೆರಗಿನಲ್ಲಿ ಒರೆಸಿದರು.

"ಅವನನ್ನ ಇಟ್ಕೊಳ್ಳೋಕೆ ಹೋಗಿ ನಿನ್ನನ್ನ ಆ ಫೋನ್ ಒಳಗೆ ಕೂಡಿಹಾಕಿದೆ," ಎಂದರು. "ನೀನು ನಕ್ಕಿದ್ದು ನಂಗೆ ಮೇಲಿನವರೆಗೂ ಕೇಳಿಸಿತ್ತು. ಯಾರದೋ ಮನೆ ಹುಡುಗಿ ಅಂದ್ಕೊಂಡೆ. ನಿನ್ನ ನಗು ಹೇಗಿತ್ತು ಅಂತಾನೇ ಮರೆತುಬಿಟ್ಟಿದ್ದೆ ಕಣೇ... ಗುಂಪಿಗೆ ಬರಿ. ನಿಜ ಬರಿ."

"ಅತ್ತೆ, ಆಮೇಲೆ ಯಾರೂ 'ಅಣ್ಣ' ಅಂತ..."

"ಅನ್ನಲ್ಲ. ಗೊತ್ತು. ಬರಿ."

ಅವಳು ಬರೆದಳು.

'ಈ ಫೋನಿನವರು ಎರಡು ವರ್ಷದ ಹಿಂದೆ ತೀರಿಕೊಂಡರು. ಆಮೇಲೆ ಬರೆದದ್ದೆಲ್ಲ ನಾನು, ಅವರ ಹೆಂಡತಿ. ಕ್ಷಮಿಸಿ. ನಿಂಬೆ ಗಿಡಕ್ಕೆ ಬೆಳಿಗ್ಗೆ ಅತ್ತೆ, ಸಂಜೆ ನಾನು ನೀರು ಹಾಕುತ್ತಿದ್ದೆವು. ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಬೇರು ಕೊಳೆತಿದೆ. ಮೂರು ಬಿಳಿ ಬೇರು ಉಳಿದಿವೆ. ಈಗ ಏನು ಮಾಡಬೇಕು?'

ಎಷ್ಟೋ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಎಲ್ಲ ರೋಗಕ್ಕೂ ಸೋಪಿನ ನೀರನ್ನೇ ಹೇಳುವ ಮೇಷ್ಟ್ರು ಬರೆದರು: 'ಎಲೆ ಕತ್ತರಿಸಿಬಿಡು ಮಗಳೇ. ಉಳಿದ ಬೇರಿಗೆ ಸಾಕುವಷ್ಟು ಮಾತ್ರ ಇರಲಿ. ಸಣ್ಣ ಕುಂಡಕ್ಕೆ ಹಾಕು.' ಗುಲಾಬಿ ಅಕ್ಕ ಬರೆದರು: 'ನನ್ನ ಮೊಗ್ಗು ಉಳಿಸಿದವಳು ನೀನಾ?'

ಅತ್ತೆ ಎಲ್ಲವನ್ನೂ ಕೇಳಿ, "ಮಗಳೇ ಅಂದ್ರಾ?" ಎಂದರು. ಆಮೇಲೆ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತರು. ಅವಳೂ ಅತ್ತಳು.

ಮಧ್ಯಾಹ್ನ ಪರದೆಯ ಮೇಲೆ ಒಂದು ಸಾಲು ಮೂಡಿತು. 'ಬಸವನಹುಳು ಗುಂಪನ್ನು ತೊರೆದಿದ್ದಾರೆ.'

*

ಹತ್ತು ದಿನ ಕಾದಳು. ಲಿಫ್ಟಿಗೆ ಬೇರೆ ಮೆಕ್ಯಾನಿಕ್ ಬಂದ, ಹೋದ.

ಹನ್ನೊಂದನೇ ದಿನ ಸಣ್ಣ ಕುಂಡವನ್ನು ಎತ್ತಿಕೊಂಡು ಲಿಫ್ಟಿನ ಮುಂದೆ ನಿಂತಳು. ಸಿಕ್ಕಿಬಿದ್ದ ದಿನದಿಂದ ಅವಳು ಅದನ್ನು ಹತ್ತಿರಲಿಲ್ಲ. ಬಾಗಿಲು ತೆರೆಯಿತು. ಒಳಗೆ ಹೋದಳು. ಐದು, ನಾಲ್ಕು, ಮೂರು... ಕಣ್ಣು ಮುಚ್ಚಿದಳು. ಲಿಫ್ಟ್ ನಿಲ್ಲದೆ ಕೆಳಗೆ ತಲುಪಿತು.

ಲಿಫ್ಟಿನೊಳಗೆ ಅಂಟಿಸಿದ್ದ ರಿಪೇರಿಯವರ ಚೀಟಿಯ ವಿಳಾಸ ಹಿಡಿದು ಎರಡು ಬಸ್ಸು ಬದಲಾಯಿಸಿ ವರ್ಕ್‌ಶಾಪಿಗೆ ಹೋದಳು. ಉಕ್ಕಿನ ಹಗ್ಗದ ಸುರುಳಿಗಳು, ಎಣ್ಣೆ ಮೆತ್ತಿದ ಗಾಲಿಗಳು. ಕಿಟಕಿಯ ಬಳಿ ಒಂದು ನೀಲಿ ಬಕೆಟ್. ಅದರ ಪಕ್ಕದ ಸ್ಟೂಲಿನ ಮೇಲೆ ಅವನು ಕೂತಿದ್ದ.

ಅವಳನ್ನು ಕಂಡು ಎದ್ದು ನಿಂತ. ಮುಖ ಕೆಂಪಾಯಿತು.

"ನಾನು ಬರೆದದ್ದು ಅಣ್ಣನಿಗೆ," ಎಂದ.

"ಓದಿದವಳು ನಾನು."

"ತಪ್ಪಾಯ್ತು. ನಿಮ್ಮ ದುಃಖ ಗೊತ್ತಿಲ್ದೆ..."

"ಮನೇಲಿದ್ದಾರೆ ಅಂತ ಸುಳ್ಳು ಹೇಳಿದವಳು ನಾನು. ತಪ್ಪು ನಿಮ್ಮದು ಹೇಗಾಗುತ್ತೆ?"

ಅವನು ಬಕೆಟ್ಟಿನ ನೀರನ್ನು ನೋಡಿದ.

"ಒಂದು ಕೇಳ್ಲಾ? ನೀರನ್ನ ಎರಡು ದಿನ ಕೂರಿಸಿ, ನೀವೂ ಕೂತಿರಿ ಅಂತ ಬರೆದದ್ದು..."

"ನಾನೇ."

ಎಲ್ಲೋ ಒಂದು ಗಾಲಿ ತಾನೇ ತಿರುಗಿ ನಿಂತಿತು.

"ಹಾಗಾದ್ರೆ ಐದು ದಿನ ಮಾತಾಡಿದೆ ಅಂತ ಬರೆದದ್ದು ತಪ್ಪು," ಎಂದ ನಿಧಾನವಾಗಿ. "ಒಂದೂವರೆ ವರ್ಷ ಆಯ್ತು."

ಅವಳ ಎದೆಯಲ್ಲಿ ಮರಗಟ್ಟಿದ್ದ ಎಲ್ಲೋ ಒಂದು ಕಡೆ ನೋವಾಯಿತು. ನೋವಾಗುತ್ತಿದೆಯಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

"ನನಗೆ ಇನ್ನೂ ಅವರ ನೆನಪಾಗುತ್ತೆ," ಎಂದಳು. "ದಿನಾ ಆಗುತ್ತೆ."

"ಆಗ್ಲಿ. ನನಗೂ ಅವರ ಗಿಡ ಗೊತ್ತು, ತಂತಿ ಗೊತ್ತು. ಅವರನ್ನ ಬಿಟ್ಟು ನಿಮ್ಮನ್ನ ನೋಡೋಕೆ ನನಗೂ ಬರಲ್ಲ."

ಅವಳು ಕುಂಡವನ್ನು ಕಿಟಕಿಯ ಬೆಳಕಿಗೆ ಇಟ್ಟಳು. ಬೋಳು ಕಾಂಡದ ಬದಿಯಲ್ಲಿ, ಉಗುರಿನ ತುದಿಯಷ್ಟು, ಒಂದು ಹಸಿರು.

ಅವನು ಬಗ್ಗಿ ನೋಡಿದ. "ಈಗ ಯಾರು ನೀರು ಹಾಕ್ತಾರೆ?"

"ಅತ್ತೆ ಗೋಡೆಗೆ ಚೀಟಿ ಅಂಟಿಸಿದ್ದಾರೆ. ಸೋಮವಾರ ಅವರು, ಗುರುವಾರ ನಾನು."

"ಭಾನುವಾರ?"

"ಭಾನುವಾರ ಯಾರೂ ಹಾಕಬಾರದು. ಮಣ್ಣು ಒಣಗಬೇಕು."

"ಹಾಗಾದ್ರೆ ಭಾನುವಾರ ನಾನು ಬರ್ಲಾ? ನೀರು ಹಾಕಲ್ಲ. ಪಕ್ಕದಲ್ಲಿ ಕೂತಿರ್ತೀನಿ."

ಅವಳು ಬಕೆಟ್ಟಿನ ಪಕ್ಕ ಖಾಲಿಯಾಗಿದ್ದ ಇನ್ನೊಂದು ಸ್ಟೂಲನ್ನು ಎಳೆದುಕೊಂಡು ಕೂತಳು.

"ಈ ನೀರು ಎಷ್ಟು ದಿನದ್ದು?" ಎಂದು ಕೇಳಿದಳು.

"ಇವತ್ತಿಂದು. ಇನ್ನೂ ಎರಡು ದಿನ ಕೂರಬೇಕು."

"ಸರಿ," ಎಂದಳು. "ಕೂತ್ಕೊಳ್ಳಿ."